ಶೋರೂಮಿನೊಳಗಿನ ಮನೆ

"ನಮ್ಮನೆಯ ಈ ಮೂಲೆ ಇದೆಯಲ್ಲ… ಬೆಳಗ್ಗೆ ಒಂಬತ್ತು ಗಂಟೆಗೆ ಸರಿಯಾಗಿ ಇಲ್ಲಿ ಬಿಸಿಲು ಬೀಳುತ್ತೆ. ಒಂದು ಕಪ್ ಕಾಫಿ, ಕೈಯಲ್ಲೊಂದು ಪುಸ್ತಕ… ಇನ್ನೇನು ಬೇಕು ಹೇಳಿ?"

ಸ್ಪಂದನ ಮಾತು ಮುಗಿಸಿ, ಕಾಫಿ ಕಪ್ಪನ್ನು ಬುಕ್ ಶೆಲ್ಫಿನ ಅಂಚಿಗೆ ಮೆಲ್ಲಗೆ ಇಟ್ಟಳು. ಸ್ಟ್ಯಾಂಡಿಗೆ ಸಿಕ್ಕಿಸಿದ್ದ ಮೊಬೈಲ್ ಅವಳ ಕೈಯನ್ನು, ಕಪ್ಪನ್ನು, ಶೆಲ್ಫನ್ನು ಮಾತ್ರ ನೋಡುತ್ತಿತ್ತು. ಮುಖವನ್ನು ಅವಳು ಎಂದೂ ತೋರಿಸಿದವಳಲ್ಲ.

ಬೆನ್ನ ಹಿಂದೆ ಏನೋ ದೊಪ್ಪೆಂದು ಬಿತ್ತು!

ಬೆಚ್ಚಿ ತಿರುಗಿದಳು. ಅರ್ಧ ಎತ್ತಿದ್ದ ಶಟರಿನ ಕೆಳಗಿಂದ ಒಳಗೆ ಬಂದಿದ್ದ ಯುವಕನೊಬ್ಬ ನಿಂತಿದ್ದ. ಅವನ ಕೈಯಿಂದ ಜಾರಿದ ಕುರ್ಚಿ ನೆಲದ ಮೇಲೆ ಮಗುಚಿ ಬಿದ್ದಿತ್ತು. ಅಂಗಿಯ ತೋಳಿನ ಮೇಲೆ, ಹುಬ್ಬಿನ ಮೇಲೆ, ಕೂದಲಲ್ಲಿ ಮರದ ಪುಡಿ.

"ಇನ್ನೂ ಓಪನ್ ಆಗಿಲ್ಲ ಸಾರ್. ಹತ್ತು ಗಂಟೆಗೆ…"

ಅವನು ಕುರ್ಚಿ ಎತ್ತಲಿಲ್ಲ. ಅವಳನ್ನು ನೋಡಿದ. ಶೆಲ್ಫನ್ನು ನೋಡಿದ. ಮತ್ತೆ ಅವಳನ್ನು.

"ಇನ್ನೊಂದ್ಸಲ ಮಾತಾಡಿ," ಎಂದ.

"ಏನು?"

"ಅದೇ… ಈ ದನಿ. ನೀವು 'ಬಿಸಿಲು ಬಿದ್ದ ಮೂಲೆ' ಅಲ್ವಾ?"

ಆ ಹೆಸರಿನ ಪೇಜ್ ಅವಳದೆಂದು ಅಮ್ಮನಿಗೇ ಗೊತ್ತಿರಲಿಲ್ಲ.

"ಅಪ್ಪ ಮಾಡ್ಸಿಕೊಟ್ಟಿದ್ದು ಅಂದಿದ್ರಲ್ಲ," ಅವನು ತೀರಾ ಮೆತ್ತಗೆ ಕೇಳಿದ, "ಆ ಶೆಲ್ಫ್ ಇದೇನಾ?"

ಅವಳ ಮುಖಕ್ಕೆ ರಕ್ತ ನುಗ್ಗಿತು. ಆ ಮಾತನ್ನು ಅವಳು ಇಡೀ ಪ್ರಪಂಚದಲ್ಲಿ ಒಬ್ಬನಿಗೆ ಮಾತ್ರ ಹೇಳಿದ್ದಳು. ಇನ್‌ಸ್ಟಾದಲ್ಲಿ 'ಕಾವಲ್ ಶ್ರೀ' ಎಂದು ಹೆಸರಿಟ್ಟುಕೊಂಡಿದ್ದವನಿಗೆ. ಐದು ತಿಂಗಳಿಂದ ದಿನಾ ಮಾತಾಡುತ್ತಿದ್ದವನಿಗೆ. ಯಾರ ಮೆಸೇಜಿನ ಸದ್ದಿಗೆ ಅವಳು ಬಸ್ಸಿನ ಗದ್ದಲದಲ್ಲೂ ಕಿವಿ ತೆರೆದು ಕೂರುತ್ತಿದ್ದಳೋ ಅವನಿಗೆ.

"ನೀವು… ಕಾವಲ್ ಶ್ರೀ?"

"ಶ್ರೀಶೈಲ. ಶ್ರೀಗಂಧದ ಕಾವಲ್‌ನಲ್ಲಿ ನಿಮ್ಮ ಓನರ್‌ದು ವರ್ಕ್‌ಶಾಪ್ ಇದ್ಯಲ್ಲ… ಅಲ್ಲಿ ಬಡಗಿ. ಲೋಡ್ ಜೊತೆ ಇಲ್ಲಿಗೆ ಬಂದಿದ್ದು ಇವತ್ತೇ ಮೊದ್ಲು." ಅವನ ಕಣ್ಣು ಅವಳ ಎದೆಯ ಮೇಲಿನ ಬ್ಯಾಡ್ಜಿಗೆ ಹೋಯಿತು. "ಸ್ಪಂದನ… ಐದು ತಿಂಗಳು ಕೇಳಿದ್ರೂ ಹೆಸರು ಹೇಳಿರ್ಲಿಲ್ಲ ನೀವು."

ಅವಳು ಬ್ಯಾಡ್ಜನ್ನು ಕೈಯಿಂದ ಮುಚ್ಚಿಕೊಂಡಳು. ಯಾಕೆ ಮುಚ್ಚಿಕೊಂಡೆನೆಂದು ಅವಳಿಗೇ ತಿಳಿಯಲಿಲ್ಲ.

"ಆ ಶೆಲ್ಫ್ ನಾನೇ ಮಾಡಿದ್ದು ರೀ. ಉಳಿದ ತೇಗದಲ್ಲಿ, ಯಾರೂ ಆರ್ಡರ್ ಕೊಡದೆ, ನಂಗೆ ಇಷ್ಟ ಬಂದ ಹಾಗೆ. ವರ್ಕ್‌ಶಾಪಿಂದ ಹೋದ ಸಾಮಾನು ಯಾರ ಮನೆ ಸೇರುತ್ತೆ ಅಂತ ನಮಗೆ ಯಾರೂ ಹೇಳಲ್ಲ. ನಿಮ್ಮ ವಿಡಿಯೋದಲ್ಲಿ ನೋಡಿದ ದಿನ ಎಷ್ಟು ಖುಷಿಯಾಗಿತ್ತು ಗೊತ್ತಾ? ಮಾಡ್ಸಿದ್ದು ಅಂತ ನೀವಂದ್ರೂ, ಯಾರೋ ತಂದೆ ಮಗಳಿಗೆ ಅಂತ ಅಂಗಡೀಲಿ ತಗೊಂಡಿದಾರೆ, ಅವ್ಳು ಚೆನ್ನಾಗಿ ಇಟ್ಕೊಂಡಿದಾಳೆ ಅಂತ…"

ಅವನು ಶೆಲ್ಫಿನ ಬದಿಗೆ ಅಂಟಿಸಿದ್ದ ರಿಯಾಯಿತಿಯ ಚೀಟಿಯನ್ನು ನೋಡಿದ.

"ಇದು ಇಲ್ಲೇ ಇತ್ತಾ? ಯಾರೂ ತಗೊಳ್ಳೇ ಇಲ್ವಾ?"

ಸ್ಪಂದನ ಮೊಬೈಲನ್ನು ಸ್ಟ್ಯಾಂಡಿನಿಂದ ಬಿಡಿಸಿ ಬ್ಯಾಗಿಗೆ ಹಾಕಿದಳು. ಅವನು ಬಗ್ಗಿ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ, ಉಳಿದ ಮೂರು ಕುರ್ಚಿಗಳನ್ನು ಟೆಂಪೊದಿಂದ ಇಳಿಸಿ, ಚಲನ್‌ಗೆ ಅವಳ ಸಹಿ ಹಾಕಿಸಿಕೊಂಡು ಹೊರಟುಹೋದ. ಸಹಿ ಮಾಡುವಾಗ ಅವಳು ತಪ್ಪು ಸಾಲಿನಲ್ಲಿ ಬರೆದು ಹೊಡೆದುಹಾಕಿದ್ದನ್ನು ನೋಡಿಯೂ ನೋಡದವನಂತಿದ್ದ.

*

ಸ್ಪಂದನಳಿಗೆ ಆಗ ಇಪ್ಪತ್ತಾರು. ನಾಯಂಡಹಳ್ಳಿ ಮೆಟ್ರೋ ಸ್ಟೇಷನ್ನಿಗೆ ಹತ್ತಿರ, ಮೈಸೂರು ರಸ್ತೆಯ ಆ ಫರ್ನಿಚರ್ ಅಂಗಡಿಯಲ್ಲಿ ಅವಳು ಸೇಲ್ಸ್ ನೋಡಿಕೊಳ್ಳುತ್ತಿದ್ದಳು. ಬೆಳಗ್ಗೆ ಬಂದು ಶಟರ್ ಎತ್ತಿಸುವ ಜವಾಬ್ದಾರಿಯೂ ಅವಳದೇ.

ಮನೆ ಮೂಡಲಪಾಳ್ಯದಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ. ಅಪ್ಪ ರಾಮಯ್ಯ ಆಟೋ ಓಡಿಸುತ್ತಿದ್ದವನು, ಅವಳು ಹತ್ತನೇ ಕ್ಲಾಸಿನಲ್ಲಿದ್ದಾಗ ತೀರಿಹೋಗಿದ್ದ. ಅಮ್ಮ ಅಂಜನಮ್ಮ ಸೀರೆಗಳಿಗೆ ಫಾಲ್ಸ್ ಹೊಲಿದು, ಜಿಗ್‌ಜಾಗ್ ಹಾಕಿ ಮಗಳನ್ನು ಡಿಗ್ರಿ ಓದಿಸಿದ್ದಳು. ಕೋಣೆಯ ತುಂಬ ಹಗ್ಗ ಕಟ್ಟಿ ಯಾರ ಯಾರದೋ ಸೀರೆಗಳು. ಬಗ್ಗದೆ ಓಡಾಡುವಂತೆಯೇ ಇರಲಿಲ್ಲ.

ಎಂಟು ತಿಂಗಳ ಹಿಂದೆ, ಅಂಗಡಿಗೆ ಬೇಗ ಬಂದ ಒಂದು ದಿನ, ಕಿಟಕಿಯ ಪಕ್ಕ ಜೋಡಿಸಿಟ್ಟಿದ್ದ ಹೊಸ ಶೆಲ್ಫಿನ ಮೇಲೆ ಬಿಸಿಲು ಬಿದ್ದಿತ್ತು. ಅವಳು ಫ್ಲಾಸ್ಕಿನ ಕಾಫಿ ಸುರಿದುಕೊಂಡು ಅದರ ಮುಂದೆ ಕೂತಳು. ಎದೆಯೊಳಗೆ ಏನೋ ಸಡಿಲವಾದಂತಾಯಿತು. ಇಪ್ಪತ್ತು ಸೆಕೆಂಡಿನ ವಿಡಿಯೋ ಮಾಡಿ ಹಾಕಿದಳು. 'ನನ್ನ ಬೆಳಗು' ಎಂದು ಬರೆದಳು. ಅಷ್ಟೇ.

'ಅಕ್ಕಾ, ನಿಮ್ಮನೆ ಎಷ್ಟು ಚೆಂದ!' ಎಂದು ಯಾರೋ ಬರೆದರು.

ಅಲ್ಲ, ಇದು ನಮ್ಮನೆಯಲ್ಲ… ಎಂದು ಟೈಪ್ ಮಾಡಿದಳು. ಅಳಿಸಿದಳು. 'ಥ್ಯಾಂಕ್ಯೂ' ಎಂದಳು.

ಎರಡನೇ ವಿಡಿಯೋದಲ್ಲಿ ಅವಳ ಬಾಯಲ್ಲೇ 'ನಮ್ಮನೆ' ಬಂತು. ಮನೆಯಿಂದ ಪುಸ್ತಕ ತಂದಳು, ಒಂದು ಮನಿಪ್ಲಾಂಟ್ ತಂದಳು. ಓದಿದ್ದನ್ನು, ನೆನಪಾದದ್ದನ್ನು ಮೆತ್ತಗೆ ಹೇಳುತ್ತಾ ಹೋದಳು. ಹೇಳಿದ್ದೆಲ್ಲ ನಿಜವಾದ ಮಾತೇ. ಕೂತ ಜಾಗ ಮಾತ್ರ ಸುಳ್ಳು. ಮೂವತ್ತೆಂಟು ಸಾವಿರ ಜನ ಕೇಳತೊಡಗಿದರು.

ಅವರಲ್ಲಿ ಒಬ್ಬ ಕಾವಲ್ ಶ್ರೀ. 'ಆ ಶೆಲ್ಫ್ ಎಲ್ಲಿ ತಗೊಂಡ್ರಿ?' ಎಂಬುದೇ ಅವನ ಮೊದಲ ಮೆಸೇಜು.

'ಅಪ್ಪ ಮಾಡ್ಸಿಕೊಟ್ಟಿದ್ದು.'

ಹಾಗೆ ಬರೆದ ಕ್ಷಣ ಅದು ಅವಳಿಗೆ ನಿಜವೇ ಅನ್ನಿಸಿತ್ತು. ಕಣ್ಣು ಕೂಡ ಒದ್ದೆಯಾಗಿತ್ತು! ಆಮೇಲೆ ಅವನು ಮರಗಳ ಬಗ್ಗೆ ಹೇಳುತ್ತಿದ್ದ, ಅವಳು ಪುಸ್ತಕಗಳ ಬಗ್ಗೆ. ತಾನು ಡಿಸೈನ್ ಫೀಲ್ಡಿನಲ್ಲಿದ್ದೇನೆ ಎಂದಿದ್ದ. 'ನಿಮ್ಮ ಮೆಸೇಜ್ ಬರದಿದ್ರೆ ಊಟ ಸೇರಲ್ಲ ನಂಗೆ' ಎಂದು ಒಂದು ದಿನ ಅವಳೇ ಬರೆದುಬಿಟ್ಟಿದ್ದಳು. ಎರಡು ಸಲ ಅವನು ಭೇಟಿಯಾಗೋಣ ಎಂದಾಗ ಜ್ವರ ಎಂದಿದ್ದಳು, ನೆಂಟರು ಎಂದಿದ್ದಳು. ಭೇಟಿಯಾದರೆ ಮನೆಗೆ ಕರೆಯಬೇಕಾಗುತ್ತದಲ್ಲ…

*

ಅಂಗಡಿಯಲ್ಲಿ ಎದುರಾದ ಆ ದಿನದಿಂದ ಅವನ ಮೆಸೇಜ್ ನಿಂತಿತು.

'ಕ್ಷಮಿಸಿ' ಎಂದು ಬರೆದಳು. ಕಳಿಸಲಿಲ್ಲ. ಯಾವ ಮುಖ ಇಟ್ಟುಕೊಂಡು ಕಳಿಸಲಿ? ಶೆಲ್ಫಿನ ಹತ್ತಿರ ಹೋದರೆ ಅದರ ಪ್ರತಿ ಹಲಗೆಯೂ ಅವನ ಕೈ ಎನಿಸುತ್ತಿತ್ತು. ಅವನು ಮರಕ್ಕೆ ಅಷ್ಟು ಉಪ್ಪುಕಾಗದ ಉಜ್ಜಿ ನುಣುಪು ಮಾಡಿದ್ದ. ಅವಳು ಅದರ ಮೇಲೆ ಸುಳ್ಳು ಜೋಡಿಸಿಟ್ಟಿದ್ದಳು.

ಎಂಟು ದಿನ ವಿಡಿಯೋ ಮಾಡಲಿಲ್ಲ. 'ಅಕ್ಕಾ ಎಲ್ಲೋದ್ರಿ?' 'ಹುಷಾರಾಗಿದೀರಾ?' ಎಂದು ಜನ ಕೇಳುತ್ತಲೇ ಇದ್ದರು. ಒಂಬತ್ತನೇ ದಿನ ಅವಳ ಮನಸ್ಸು ಸೋತಿತು. ಇದೊಂದೇ ಸಲ… ಎಂದುಕೊಂಡು ಮತ್ತೆ ಅದೇ ಮೂಲೆಯಲ್ಲಿ ಕೂತು ಮಾತಾಡಿದಳು. ಸಂಜೆ ಐದಕ್ಕೆ ಹಾಕಿದಳು.

ಐದೂ ಇಪ್ಪತ್ತಕ್ಕೆ ಫೋನ್ ಕಂಪಿಸಿತು. ಕಾವಲ್ ಶ್ರೀ!

ಬೈದಿರ್ತಾರೆ. 'ಇನ್ನೂ ನಾಚಿಕೆ ಆಗಲಿಲ್ವಾ' ಅಂದಿರ್ತಾರೆ. ತೆರೆಯುವ ಧೈರ್ಯವಾಗಲಿಲ್ಲ. ಫೋನನ್ನು ಬ್ಯಾಗಿನ ತಳಕ್ಕೆ ತುರುಕಿದಳು.

ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಅವಳ ಗುಟ್ಟು ಬಯಲಾಗಿತ್ತು.

ಯಾರೋ ಅವಳ ವಿಡಿಯೋದ ಒಂದು ಚಿತ್ರವನ್ನು ದೊಡ್ಡದು ಮಾಡಿ, ಕೆಂಪು ವೃತ್ತ ಹಾಕಿ ಹಂಚಿದ್ದರು. 'ಇದು ಇವಳ ಮನೆಯಂತೆ! ಮೈಸೂರು ರೋಡಿನ ಶೋರೂಮ್ ಗುರು ಇದು. ಸೋಫಾ ಮೇಲೆ ರೇಟು, ಅಂಗಡಿ ಹೆಸರು ನೋಡು!' ಕೆಳಗೆ ನೂರಾರು ನಗು. 'ಶೋರೂಮ್ ಅಕ್ಕ.' 'ಅಕ್ಕಾ, ಬಾತ್‌ರೂಮ್ ತೋರ್ಸಕ್ಕೆ ಟೈಲ್ಸ್ ಅಂಗಡಿಗೆ ಹೋಗ್ತೀರಾ?'

ಓದುತ್ತ ಓದುತ್ತ ಕಿವಿ ಕಾದವು. ಇದು ಶೋರೂಮೆಂದು ಗೊತ್ತಿದ್ದವನು ಒಬ್ಬನೇ ಒಬ್ಬ!

ಅರ್ಧ ದಿನ ರಜೆ ಹಾಕಿ, ಆಟೋ ಹಿಡಿದು ಶ್ರೀಗಂಧದ ಕಾವಲಿಗೆ ಹೋದಳು. ಶೀಟ್ ಹೊದಿಸಿದ ವರ್ಕ್‌ಶಾಪು, ಒಳಗೆ ಗರಗಸದ ಸದ್ದು, ಐದಾರು ಜನ. ಅವಳನ್ನು ನೋಡಿ ಮೆಷಿನ್ ನಿಂತಿತು.

"ಸಮಾಧಾನ ಆಯ್ತಾ ನಿಮ್ಗೆ?" ಅವಳ ದನಿ ಒಡೆಯಿತು. "ನನ್ನ ಮುಖಕ್ಕೆ ಹೇಳ್ಬೇಕಿತ್ತು! ಎದುರಿಗೆ ನಿಂತು ಬೈದಿದ್ರೆ ಕೇಳಿಸ್ಕೊಳ್ತಿದ್ದೆ. ಊರೆಲ್ಲ ನಗೋ ಹಾಗೆ ಮಾಡಿದ್ರಲ್ಲ!"

ಶ್ರೀಶೈಲ ಕೈಯಲ್ಲಿದ್ದ ಹಲಗೆಯನ್ನು ನಿಧಾನಕ್ಕೆ ಕೆಳಗಿಟ್ಟ. ಜೊತೆಯವರೆಲ್ಲ ಅವನನ್ನೇ ನೋಡುತ್ತಿದ್ದರು.

"ನಾನಲ್ಲ."

"ಇನ್ಯಾರಿಗೆ ಗೊತ್ತಿತ್ತು?"

"ಮೆಸೇಜ್ ನೋಡ್ಲಿಲ್ವಾ ನೀವು?"

ಅಷ್ಟೇ ಕೇಳಿ ಅವನು ಮತ್ತೆ ಹಲಗೆ ಎತ್ತಿಕೊಂಡ. ಮೆಷಿನ್ ಶುರುವಾಯಿತು. ಇನ್ನು ಮಾತಾಡಿದರೂ ಕೇಳಿಸುವಂತಿರಲಿಲ್ಲ.

ಹೊರಗೆ ಬಂದು, ಹೊಂಗೆ ಮರದ ಕೆಳಗೆ ನಿಂತು, ಫೋನ್ ತೆಗೆದು, ನೋಡದೆ ಬಿಟ್ಟಿದ್ದ ಆ ಮೆಸೇಜನ್ನು ತೆರೆದಳು.

'ಸ್ಪಂದನ ಅವರೇ, ನಿಮ್ಮ ಹಿಂದಿನ ಕನ್ನಡಿಯಲ್ಲಿ ಸೋಫಾದ ರೇಟಿನ ಚೀಟಿ ಕಾಣಿಸ್ತಿದೆ. ಯಾರಾದ್ರೂ ನೋಡೋಕೆ ಮುಂಚೆ ವಿಡಿಯೋ ತೆಗೆದುಬಿಡಿ. ಪ್ಲೀಸ್.'

ನಿನ್ನೆ. ಐದೂ ಇಪ್ಪತ್ತು.

ಅವಳು ಅಲ್ಲೇ ಫುಟ್‌ಪಾತಿನ ಕಲ್ಲಿನ ಮೇಲೆ ಕುಸಿದು ಕೂತಳು. ನೋವಿದ್ದರೂ ಅವನು ಅವಳ ಮಾನ ಮುಚ್ಚಲು ಓಡಿ ಬಂದಿದ್ದ. ಅವಳು ಅವನನ್ನು ಐದು ಜನರ ಮುಂದೆ ನಿಲ್ಲಿಸಿ ಬೈದಿದ್ದಳು! ಒಳಗೆ ಹೋಗಿ ಕ್ಷಮೆ ಕೇಳಬೇಕು… ಆದರೆ ಎದ್ದು, ಮನೆಯ ಕಡೆಯ ಆಟೋಗೆ ಕೈ ತೋರಿಸಿದಳು.

*

ಮನೆಗೆ ಬಂದರೆ ಹೊಲಿಗೆ ಮೆಷಿನ್ ನಿಂತಿತ್ತು. ಅಂಜನಮ್ಮ ಸೀರೆಯ ರಾಶಿಯ ನಡುವೆ ಸುಮ್ಮನೆ ಕೂತಿದ್ದಳು.

"ಶಿವಕ್ಕ ಸೀರೆ ಇಸ್ಕೊಂಡು ಹೋಗಕ್ಕೆ ಬಂದಿದ್ಲು," ಎಂದಳು. "ಫೋನಲ್ಲಿ ಏನೋ ತೋರಿಸಿ ನಗ್ತಾ ಇದ್ಲು. ಮುಖ ಕಾಣ್ಲಿಲ್ಲ. ಆದ್ರೆ ದನಿ ನಿಂದೇ ಕಣವ್ವ."

ಸ್ಪಂದನ ಬಾಗಿಲಲ್ಲೇ ನಿಂತಳು.

"ನಮ್ಮನೆ… ಅಷ್ಟು ನಾಚ್ಕೆಗೇಡಾ?"

ಊರೆಲ್ಲ ನಕ್ಕ ನಗುವೂ ಇಷ್ಟು ಆಳಕ್ಕೆ ಇಳಿದಿರಲಿಲ್ಲ. ಅವಳು ಓಡಿ ಬಂದು ಅಮ್ಮನ ಮಡಿಲಿಗೆ ಮುಖ ಒತ್ತಿದಳು. ಮಡಿಲಲ್ಲಿದ್ದ ಯಾರದೋ ರೇಷ್ಮೆ ಸೀರೆಯನ್ನು ಅಂಜನಮ್ಮ ಗಾಬರಿಯಿಂದ ಪಕ್ಕಕ್ಕೆ ಎಳೆದಳು.

"ಕಣ್ಣೀರು ಬಿದ್ರೆ ಕಲೆ ಆಗೋಯ್ತದೆ, ತಡಿಯೇ!"

ಅಳುವಿನ ನಡುವೆಯೇ ಸ್ಪಂದನ ಎಲ್ಲವನ್ನೂ ಹೇಳಿದಳು. ಶೆಲ್ಫು, ಶ್ರೀಶೈಲ, ವರ್ಕ್‌ಶಾಪು. ಕೊನೆಗೆ, "ಅಮ್ಮಾ… ಅಪ್ಪ ಮಾಡ್ಸಿಕೊಟ್ಟಿದ್ದು ಅಂತ ಕೂಡ ಹೇಳ್ಬಿಟ್ಟಿದೀನಿ."

ಮಗಳ ಕೂದಲಲ್ಲಿ ಅಂಜನಮ್ಮನ ಬೆರಳು ಓಡುತ್ತಿತ್ತು.

"ಇದ್ದಿದ್ರೆ ಮಾಡ್ಸೇ ಕೊಡ್ತಿದ್ರು. ಅದೊಂದು ಬಿಡು. ಉಳಿದಿದ್ದು ನೀನೇ ಸರಿ ಮಾಡ್ಬೇಕು."

"ನಮ್ಮನೆ ತೋರಿಸಿ ಒಂದು ವಿಡಿಯೋ ಮಾಡ್ಲಾ? ಇದೇ ನಿಜ ಅಂತ?"

"ಯಾಕೆ? ನಮ್ಮನೆ ನೋಡಿ ಅವ್ರು ಪಾಪ ಅನ್ನಕ್ಕಾ? ತಪ್ಪು ಮಾಡಿದ್ದು ನೀನು. ನೀನು ಹೇಳು. ಮನೆ ಏನ್ ಮಾಡಿತ್ತು?"

ಆ ಸಂಜೆ ಅವಳು ಚಿತ್ರವಿಲ್ಲದೆ, ಸಂಗೀತವಿಲ್ಲದೆ ನಾಲ್ಕು ಸಾಲು ಬರೆದಳು. 'ನೀವು ನೋಡಿದ್ದು ನಾನು ಕೆಲಸ ಮಾಡುವ ಅಂಗಡಿ. ಅದನ್ನು ನಮ್ಮನೆ ಅಂದದ್ದು ಸುಳ್ಳು. ನನ್ನ ಮನೆಯ ಬಗ್ಗೆ ನನಗೆ ನಾಚಿಕೆ ಇತ್ತು. ಈಗ ನನ್ನ ಬಗ್ಗೆ ನಾಚಿಕೆ ಇದೆ.'

ಕೆಲವರು 'ಪರವಾಗಿಲ್ಲ ಅಕ್ಕ' ಎಂದರು. ಹಲವರು ನಕ್ಕರು. ಒಬ್ಬಳು ಬರೆದದ್ದು ಮಾತ್ರ ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. 'ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ಕೂತು ನಿಮ್ಮ ದನಿ ಕೇಳ್ತಿದ್ದೆ. ನಿಮಗೆ ಕ್ಷಮೆ ಕೊಡೋಕೆ ನಂಗೆ ಸ್ವಲ್ಪ ದಿನ ಬೇಕು.'

'ಸರಿ, ಎಷ್ಟು ದಿನ ಆದರೂ…' ಎಂದು ಸ್ಪಂದನ ಉತ್ತರಿಸಿದಳು.

*

ಕೆಲಸ ಹೋಯಿತೆಂದೇ ಅವಳು ಅಂದುಕೊಂಡಿದ್ದಳು. ಆದರೆ ಓನರ್ ಗೋಪೀನಾಥ ಎದುರಿಗೆ ಕೂರಿಸಿಕೊಂಡು ತಲೆ ಕೆರೆದುಕೊಂಡರು.

"ಬೈಯೋಣ ಅಂತಲೇ ಬಂದೆ ಕಣಮ್ಮ. ಆದ್ರೆ ಆ ಮೂಲೆ ನೋಡ್ಬೇಕು ಅಂತ ಜನ ಬರ್ತಾ ಇದಾರಲ್ಲ! ಇನ್ಮೇಲೆ ಅಂಗಡಿಗೇ ಮಾಡ್ಬಿಡು ವಿಡಿಯೋ. ಮುಖ ತೋರ್ಸಿ."

"ಬೇಡ ಸಾರ್." ಮೊದಲ ಸಲ ಅವಳ ದನಿ ಗಟ್ಟಿಯಾಗಿತ್ತು. "ಕೆಲಸದಿಂದ ತೆಗೆದ್ರೂ ಸರಿ. ಅದು ಮಾತ್ರ ಬೇಡ."

ಅವರು ಒತ್ತಾಯಿಸಲಿಲ್ಲ. ಆದರೆ ಜನ ಬರುವುದು ನಿಲ್ಲಲಿಲ್ಲ. ಶೆಲ್ಫಿನ ಮುಂದೆ ಸೆಲ್ಫಿ ತೆಗೆದುಕೊಂಡು, "ಶೋರೂಮ್ ಅಕ್ಕ ಯಾರು?" ಎಂದು ಅವಳನ್ನೇ ಕೇಳುತ್ತಿದ್ದರು. "ನಾನೇ," ಎನ್ನುತ್ತಿದ್ದಳು. ಪ್ರತಿ ಸಲ ಕೆನ್ನೆ ಸುಡುತ್ತಿತ್ತು. ಆದರೂ ಇನ್ನೊಂದು ಸುಳ್ಳು ಹೇಳಲು ಅವಳಿಗೆ ಶಕ್ತಿ ಇರಲಿಲ್ಲ.

ಎರಡು ವಾರವಾದ ಮೇಲೆ ರಾಜಾಜಿನಗರದಿಂದ ಅಲಮೇಲು ಎಂಬ ರಿಟೈರ್ಡ್ ಟೀಚರ್ ಬಂದರು. ವಿಡಿಯೋ ಗಿಡಿಯೋ ಏನೂ ಗೊತ್ತಿಲ್ಲದವರು. ಶೆಲ್ಫನ್ನು ಹಿಂದೆ ಮುಂದೆ ಸವರಿ ನೋಡಿ, "ಇದು ಬೇಕು," ಎಂದರು. "ಆದ್ರೆ ನಮ್ಮನೆ ಗೋಡೆ ಓರೆ. ಮಾಡಿದವರೇ ಬಂದು ಕೂರಿಸ್ಬೇಕು."

"ಮೇಡಂ ಒಬ್ರೇ ಇರ್ತಾರಂತೆ. ಹುಡುಗರ ಜೊತೆ ನೀನೂ ಹೋಗು," ಎಂದರು ಗೋಪೀನಾಥ.

ಟೆಂಪೊದಲ್ಲಿ ಡ್ರೈವರ್ ಪಕ್ಕ ಸ್ಪಂದನ. ಹಿಂದೆ, ಶೆಲ್ಫನ್ನು ತಬ್ಬಿ ಹಿಡಿದುಕೊಂಡು ಶ್ರೀಶೈಲ. ವಿಜಯನಗರ ದಾಟುವವರೆಗೂ ಅವಳು ಹಿಂದಿನ ಗಾಜಿನಲ್ಲಿ ಅವನ ಮೊಣಕೈಯನ್ನು ಮಾತ್ರ ನೋಡುತ್ತಿದ್ದಳು.

ಮನೆ ಮೊದಲನೇ ಮಹಡಿಯಲ್ಲಿತ್ತು. ಡ್ರೈವರ್ ಜೊತೆ ಸೇರಿ ಮೇಲೆ ಹತ್ತಿಸಿದ್ದಾಯಿತು. ಗೋಡೆಗೆ ಒರಗಿಸಿದರೆ ಶೆಲ್ಫು ಮುಂದಕ್ಕೆ ವಾಲಿತು. ಗೋಡೆಯ ಬುಡದ ಟೈಲ್ಸ್ ಅರ್ಧ ಇಂಚು ಮುಂದಕ್ಕೆ ಬಂದಿತ್ತು. ಹಿಂದಿನ ಕಾಲುಗಳನ್ನು ಅಷ್ಟೇ ಕೊರೆಯಬೇಕು. ಡ್ರೈವರ್ ಗಾಡಿ ಅಡ್ಡ ನಿಂತಿದೆಯೆಂದು ಕೆಳಗೆ ಓಡಿದ. ಅಲಮೇಲು ಕಾಫಿ ಮಾಡಲು ಹೋದರು.

"ಸ್ವಲ್ಪ ಹಿಡ್ಕೊಳ್ತೀರಾ?" ಎಂದ ಶ್ರೀಶೈಲ. ವರ್ಕ್‌ಶಾಪಿನ ಆ ದಿನದ ಮೇಲೆ ಅವನಾಡಿದ ಮೊದಲ ಮಾತು.

ಅವಳು ಎರಡೂ ಕೈಯಿಂದ ಶೆಲ್ಫನ್ನು ಮುಂದಕ್ಕೆ ಬಾಗಿಸಿ ಹಿಡಿದಳು. ಅವನು ಹಿಂದೆ ನೆಲದ ಮೇಲೆ ಕೂತು ಉಳಿ ಹಿಡಿದ. ನಡುವೆ ಐದು ಹಲಗೆಯ ಮರ. ಅವಳಿಗೆ ಅವನು ಕಾಣುತ್ತಿರಲಿಲ್ಲ, ಅವನಿಗೆ ಅವಳು ಕಾಣುತ್ತಿರಲಿಲ್ಲ.

ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ…

"ನಿಮ್ಮ ಮೆಸೇಜ್ ಆಮೇಲೆ ನೋಡಿದೆ," ಎಂದಳು.

ಉಳಿಯ ಸದ್ದು ನಿಂತಿತು.

"ಬೈದಿರ್ತೀರಿ ಅಂತ ತೆರೀಲೇ ಇಲ್ಲ. ನೀವು ನನ್ನ ಉಳಿಸಕ್ಕೆ ನೋಡಿದ್ರಿ. ನಾನು ಎಲ್ರ ಮುಂದೆ ನಿಮ್ಮ ಮರ್ಯಾದೆ ತೆಗೆದೆ. ಸುಳ್ಳು ಹೇಳಿದ್ದಕ್ಕೆ ನಾಚಿಕೆ ಆಗುತ್ತೆ, ಆದ್ರೆ ಅದಕ್ಕಿಂತ ಇದಕ್ಕೆ… ಕ್ಷಮಿಸಿ ಅಂತ ಕೇಳಕ್ಕೂ ಮುಖ ಇಲ್ಲ ನಂಗೆ."

ಅವಳ ತೋಳು ನೋಯುತ್ತಿತ್ತು. ಬಿಡುವಂತಿರಲಿಲ್ಲ.

"ನಾನೂ ಡಿಸೈನ್ ಫೀಲ್ಡ್ ಅಂದಿದ್ದೆ," ಎಂದ ಆಚೆಯಿಂದ. "ಅಂಥ ಮನೆ ಹುಡುಗಿ ಹತ್ರ ಬಡಗಿ ಅಂತ ಹೇಗೆ ಹೇಳ್ಲಿ ಅನ್ಸಿತ್ತು. ಅಂಥ ಮನೆಗಳಲ್ಲಿ ನಮ್ಮನ್ನ ಹಿಂದಿನ ಬಾಗಿಲಿಂದ ಬನ್ನಿ ಅಂತಾರೆ ರೀ. ಅವತ್ತು ಅಂಗಡೀಲಿ ನಿಮ್ಮ ಮೇಲೆ ಕೋಪ ಬಂದಿದ್ದು ನಿಜ. ಆದ್ರೆ ಟೆಂಪೊ ಹತ್ತಿದ ಮೇಲೆ ಕನ್ನಡೀಲಿ ನನ್ನ ತಲೆ ನೋಡ್ಕೊಂಡೆ. ಪೂರ್ತಿ ಮರದ ಪುಡಿ! ಇವ್ಳು ನನ್ನ ಹಿಂಗೆ ನೋಡ್ಬಿಟ್ಲಲ್ಲ ಅಂತ… ಅದಕ್ಕೇ ಮೆಸೇಜ್ ಮಾಡ್ಲಿಲ್ಲ."

"ಕೋಪಕ್ಕಲ್ವಾ?"

"ನಾಚಿಕೆಗೆ."

ಸ್ಪಂದನ ಹಣೆಯನ್ನು ಶೆಲ್ಫಿನ ಹಲಗೆಗೆ ಒತ್ತಿದಳು. ಅಳುವೋ ನಗುವೋ ತಿಳಿಯದ ಒಂದು ಉಸಿರು ಹೊರಬಂತು.

"ಅಲುಗಾಡಿಸ್ಬೇಡಿ, ಬೆರಳು ಕಟ್ ಆಗುತ್ತೆ!" ಎಂದ ಅವನು.

ಕೊರೆದು ಮುಗಿದ ಮೇಲೆ ಶೆಲ್ಫು ಗೋಡೆಗೆ ಅಂಟಿದಂತೆ ನಿಂತಿತು. ಅಲಮೇಲು ಕಾಫಿ ಲೋಟಗಳನ್ನಿಟ್ಟು, ಕನ್ನಡಕ ಸರಿಮಾಡಿಕೊಂಡು ಕೇಳಿದರು. "ನಿಮ್ಮ ಪೂರ್ತಿ ಹೆಸರು ಏನಪ್ಪಾ? ಬಂದವರು ಯಾರು ಮಾಡಿದ್ದು ಅಂತ ಕೇಳಿದ್ರೆ ಹೇಳ್ಬೇಕಲ್ಲ."

ಒಂಬತ್ತು ವರ್ಷದ ಕೆಲಸದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೆಸರು ಹೇಳಿದ. ಅವನ ಕಣ್ಣು ತುಂಬಿದ್ದನ್ನು ಸ್ಪಂದನ ನೋಡಿದಳು. ನೋಡಿಯೂ ನೋಡದವಳಂತೆ ಕಾಫಿ ಕುಡಿದಳು.

*

ಟೆಂಪೊ ಬೇರೆ ಲೋಡಿಗೆ ಹೋಗಿತ್ತು. ಇಬ್ಬರೂ ಬಸ್‌ಸ್ಟಾಪಿನ ಬೆಂಚಿನ ಮೇಲೆ, ನಡುವೆ ಅವನ ಸಾಮಾನಿನ ಚೀಲ ಇಟ್ಟುಕೊಂಡು ಕೂತರು. ಎರಡು ಬಸ್ಸು ಬಂದು ಹೋದವು. ಇಬ್ಬರೂ ಏಳಲಿಲ್ಲ.

"ಇನ್ಮೇಲೆ ವಿಡಿಯೋ ಮಾಡಲ್ವಾ?" ಎಂದು ಕೇಳಿದ.

"ಮಾಡ್ಬೇಕು ಅನ್ಸುತ್ತೆ. ಮಾತಾಡೋದಂದ್ರೆ ಇಷ್ಟ ನಂಗೆ. ಆದ್ರೆ ಎಲ್ಲಿ ಕೂತು ಮಾತಾಡ್ಲಿ?"

"ಇಲ್ಲೇ ಮಾತಾಡಿ. ಬಸ್‌ಸ್ಟಾಪ್ ಎಲ್ರದೂ. ಯಾರೂ ಸುಳ್ಳು ಅನ್ನಲ್ಲ."

ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು.

"ಒಂದು ಕೇಳ್ತೀನಿ," ಅವನು ಚೀಲದ ದಾರ ಬಿಚ್ಚುತ್ತ ಕಟ್ಟುತ್ತ ಹೇಳಿದ. "ಮನೆ ಸುಳ್ಳು. ನನ್ನ ಕೆಲಸ ಸುಳ್ಳು. ಜ್ವರ ಸುಳ್ಳು. 'ನಿಮ್ಮ ಮೆಸೇಜ್ ಬರದಿದ್ರೆ ಊಟ ಸೇರಲ್ಲ' ಅಂದಿದ್ರಿ… ಅದು?"

ಮೂರನೇ ಬಸ್ಸು ಬಂದು ನಿಂತಿತು. ಅವಳು ಎದ್ದಳು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ಭಾನುವಾರ ಬನ್ನಿ ಊಟಕ್ಕೆ. ಅಮ್ಮನ್ನೇ ಕೇಳಿ. ಒಂದು ತಿಂಗಳಿಂದ ನಾನು ಎಷ್ಟು ತಿಂದಿದೀನಿ ಅಂತ ಅವ್ರು ಹೇಳ್ತಾರೆ!"

*

ಭಾನುವಾರ ಮಧ್ಯಾಹ್ನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದ. ಅಂಜನಮ್ಮ ಅರ್ಧ ಸೀರೆಗಳನ್ನು ಮಡಚಿಟ್ಟಿದ್ದರೂ ಉಳಿದರ್ಧಕ್ಕೆ ಅವನು ಬಗ್ಗಲೇಬೇಕಾಯಿತು. ಗೋಡೆಯ ಮೇಲೆ ತೇವದ ಕಲೆ ಇತ್ತು. ಸ್ಪಂದನಳ ಕಣ್ಣು ಅಲ್ಲಿಗೇ ಹೋಯಿತು, ಅವನು ಎಲ್ಲಿ ನೋಡುತ್ತಿದ್ದಾನೆಂದು ಮತ್ತೆ ಅವನ ಕಡೆ ಹೋಯಿತು. ಅವನು ಅವಳನ್ನೇ ನೋಡುತ್ತಿದ್ದ. ಹಳೆಯ ಅಳುಕು ಎದೆಯಲ್ಲಿ ಒಮ್ಮೆ ಎದ್ದು, ಜಾಗ ಸಾಲದೆ ಹೋಯಿತೇನೋ ಎಂಬಂತೆ ಮೆಲ್ಲಗೆ ಇಳಿಯಿತು.

"ಕೂತ್ಕೊಳಪ್ಪ," ಎಂದಳು ಅಂಜನಮ್ಮ. "ನಿನ್ನ ಕೆಲಸ ಚೆನ್ನಾಗಿದೆಯಂತೆ. ಇವ್ಳು ಅದೇ ಹೇಳ್ತಾ ಇರ್ತಾಳೆ." ಎರಡು ತಟ್ಟೆಗೆ ಮುದ್ದೆ ಇಟ್ಟು, ಅವರೆಕಾಳು ಸಾರಿನ ಪಾತ್ರೆಯನ್ನು ಮಗಳ ಮುಂದೆ ಸರಿಸಿ, "ಶಿವಕ್ಕನ ಸೀರೆ ಕೊಟ್ಟು ಬರ್ತೀನಿ," ಎಂದು ಎದ್ದಳು. ಸೀರೆ ಇಸಿದುಕೊಂಡು ಶಿವಕ್ಕ ಹೋಗಿ ಎಷ್ಟೋ ದಿನವಾಗಿತ್ತು!

ಬಾಗಿಲ ಪರದೆ ಅಲುಗಾಡಿ ನಿಂತಿತು.

"ಸ್ಪಂದನ…"

"ಹ್ಞೂಂ?"

"ಮೊದ್ಲು ನಿಮ್ಮ ದನಿ ಇಷ್ಟ ಆಗಿದ್ದು. ಆಮೇಲೆ ವರ್ಕ್‌ಶಾಪಿಗೆ ಬಂದು ಬೈದ್ರಲ್ಲ, ಅವತ್ತು ಮನೆಗೆ ಹೋಗಿ ನಿದ್ದೆ ಬರ್ಲಿಲ್ಲ. ಸಿಟ್ಟಿಗಲ್ಲ. ಇವ್ಳು ಅಳ್ತಾ ಹೋದ್ಲಲ್ಲ, ಯಾರು ಸಮಾಧಾನ ಮಾಡ್ತಾರೆ ಅಂತ. ನಂಗೆ ನೀವು ಬೇಕು. ಶೆಲ್ಫ್ ಇಲ್ದಿದ್ರೂ, ಬಿಸಿಲು ಇಲ್ದಿದ್ರೂ."

ಸ್ಪಂದನ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. ತಲೆ ತಗ್ಗಿತ್ತು. ಈ ಸಲ ತಗ್ಗಿದ್ದು ಬೇರೆ ಕಾರಣಕ್ಕೆ.

"ನಂಗೂ," ಎಂದಳು. ಅವಳಿಗೇ ಕೇಳಿಸದಷ್ಟು ಮೆತ್ತಗೆ.

"ಏನಂದ್ರಿ?"

"ಕೇಳಿಸ್ತು ನಿಮ್ಗೆ."

"ಕೇಳಿಸ್ತು," ಎಂದು ನಕ್ಕ. "ಆದ್ರೆ ಇನ್ನೂ ಎಷ್ಟು ದಿನ ಈ 'ನೀವು, ಬನ್ನಿ, ಹೋಗಿ'?"

ಅವಳು ತಲೆ ಎತ್ತಿದಳು. ಕಣ್ಣು ಒದ್ದೆಯಾಗಿದ್ದವು, ತುಟಿ ನಗುತ್ತಿತ್ತು.

"ಹಂಗಾದ್ರೆ… ನೀನು ಮೊದ್ಲು ಕೈ ತೊಳ್ಕೊಂಡ್ ಬಾ. ಮುದ್ದೆ ಆರೋಗ್ತಿದೆ."

"ಬಂದೆ ಕಣೇ," ಎಂದ ಅವನು.